ಮನೆಯ ಮಾತು: ಫಟಫಟಿ ಮೇಳಕ್ಕೆ ಮೊದಲ ಸಲ

ಈ ಪುಟದಲ್ಲಿ ನಾವು ಮಕ್ಕಳ ಕನ್ನಡ ಪಾಠದ ವಿಷಯ ಬರೆದಿದ್ದೇವೆ. ಮಳೆಗಾಲದಲ್ಲಿ ಹಪ್ಪಳ ಒಣಗಿಸುವ ಪಾಡನ್ನು ಬರೆದಿದ್ದೇವೆ. ಊರಿನಿಂದ ಬಂದ ನೆಂಟರನ್ನು ಎರಡು ಕೋಣೆಯ ಮನೆಯಲ್ಲಿ ಮಲಗಿಸುವ ಉಪಾಯವನ್ನೂ ಬರೆದಿದ್ದೇವೆ. ಮೋಟಾರು ಸೈಕಲ್ಲಿನ ಮೇಳದ ವಿಷಯ ಬರೆಯುವ ಪ್ರಸಂಗ ಬಂದೀತೆಂದು ಮಾತ್ರ ಎಣಿಸಿರಲಿಲ್ಲ. ನಮಗೆ ತಿಳಿದ ವಾಹನವೆಂದರೆ ಲೋಕಲ್ ಗಾಡಿ. ತಿಳಿದ ಸಾಹಸವೆಂದರೆ ಬೆಳಗಿನ ಎಂಟು ಗಂಟೆಗೆ ಅದನ್ನು ಡೊಂಬಿವಲಿಯಲ್ಲಿ ಹತ್ತುವುದು. ಆದರೆ ಸಂಸಾರದಲ್ಲಿ ಸಮಸ್ಯೆಗಳು ನಮ್ಮನ್ನು ಕೇಳಿ ಬರುವುದಿಲ್ಲವಷ್ಟೆ!

ಸಂಗತಿ ಹೀಗಿದೆ. ನಮ್ಮ ಅತ್ತಿಗೆಯ ಮನೆ ಡೊಂಬಿವಲಿಯಲ್ಲಿ. ಅಣ್ಣ ತೀರಿಕೊಂಡು ನಾಲ್ಕು ವರ್ಷಗಳಾದವು. ಅವನ ಯೆಜ್ದಿ ಮೋಟಾರು ಸೈಕಲ್ಲು ಕಟ್ಟಡದ ಮೆಟ್ಟಿಲಿನ ಕೆಳಗೆ ನೀಲಿ ಟಾರ್ಪಾಲು ಹೊದ್ದು ನಿಂತಿತ್ತು. 2025ರ ಸಂಕ್ರಾಂತಿ ಮುಗಿದ ಮೇಲೆ ಕಟ್ಟಡದ ಸೊಸೈಟಿಯಿಂದ ಒಂದು ಕಾಗದ ಬಂತು: ಓಡದ ವಾಹನಗಳನ್ನು ಮಳೆಗಾಲ ಹಿಡಿಯುವುದರೊಳಗೆ ತೆಗೆಯಬೇಕು, ಇಲ್ಲವಾದರೆ ಸೊಸೈಟಿಯೇ ತೆಗೆಸುವುದು. ಕಾಗದದ ಹಿಂದೆಯೇ ಭಂಗಾರದವನೂ ಬಂದ. ಗಾಡಿಯನ್ನು ಕಣ್ಣಿನಿಂದಲೇ ತೂಗಿ, ಕಬ್ಬಿಣದ ಲೆಕ್ಕದಲ್ಲಿ ಬೆಲೆ ಹೇಳಿದ.

ಅತ್ತಿಗೆ ಒಪ್ಪುವವರೇ ಇದ್ದರು. ಆಗ ಅಣ್ಣನ ಮಗಳು, ಐರೋಲಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ, ಅಡ್ಡ ಬಂದಳು.

"ಕೊಡಬೇಡ ಅಮ್ಮಾ. ನಾನು ಓಡಿಸುತ್ತೇನೆ. ಜುಲೈ ತಿಂಗಳಲ್ಲಿ ಜಾವಾ-ಯೆಜ್ದಿ ದಿನದ ಮೇಳವಿದೆ, ಅದಕ್ಕೂ ಹೋಗುತ್ತೇನೆ."

"ನಿಮ್ಮಪ್ಪ ಬಿದ್ದದ್ದು ಸಾಲದೇನೇ?" ಎಂದರು ಅತ್ತಿಗೆ.

ಅಣ್ಣ 1997ರ ಮಳೆಗಾಲದಲ್ಲಿ ಕಲ್ಯಾಣ್-ಶೀಳ್ ರಸ್ತೆಯಲ್ಲಿ ಬಿದ್ದು ಬಲಗಾಲು ಮುರಿದುಕೊಂಡಿದ್ದ. ಒಳಗೆ ಸರಳು ಹಾಕಿಸಿಕೊಂಡು ಮೂರು ತಿಂಗಳು ಮಲಗಿದ. ಕೊನೆಯವರೆಗೂ ಸ್ವಲ್ಪ ಕುಂಟುತ್ತಿದ್ದ. ಆ ಮೂರು ತಿಂಗಳು ಅವನ ಕೆಲಸವನ್ನೂ ತನ್ನ ಕೆಲಸವನ್ನೂ ಮಾಡಿದವರು ಅತ್ತಿಗೆ. ಆದುದರಿಂದ ಅವರ ಮಾತಿನಲ್ಲಿ ಹಟವಿರಲಿಲ್ಲ, ಲೆಕ್ಕವಿತ್ತು. ಅವರು ನಮ್ಮ ಕಡೆ ತಿರುಗಿ, "ನೀನೇ ಹೇಳಪ್ಪ ಇವಳಿಗೆ" ಎಂದರು.

ಹೇಳುವುದಕ್ಕೆ ನಮಗೇನು ತಿಳಿದಿತ್ತು? ಮೇಳವೆಂದರೆ ಏನೆಂದೇ ಅರಿಯದವರು ಹೋಗು ಎಂದರೂ ಅನ್ಯಾಯ, ಬೇಡವೆಂದರೂ ಅನ್ಯಾಯ. ತಿಳಿದುಕೊಂಡು ಹೇಳುತ್ತೇವೆಂದು ಒಂದು ತಿಂಗಳ ವಾಯಿದೆ ಕೇಳಿದೆವು. ಹಾಗೆ ತಿಳಿದುಕೊಂಡದ್ದನ್ನೂ ಮುಂದೆ ಕಂಡದ್ದನ್ನೂ ಓದುಗರ ಮುಂದೆ ಇಡುತ್ತಿದ್ದೇವೆ. ಮಕ್ಕಳ ಬಾಯಿಂದ 'ಬೈಕ್ ರ್‍ಯಾಲಿ' ಎಂಬ ಮಾತು ಕೇಳಿ ಎದೆ ಹಾರಿಸಿಕೊಂಡ ತಾಯಿತಂದೆಗಳು ನಮ್ಮಲ್ಲಿ ಇನ್ನೂ ಇದ್ದಾರು.

ಮೊದಲು ತಿಳಿದದ್ದು, ರ್‍ಯಾಲಿ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ ಎಂಬುದು. ಒಂದು ಮೆರವಣಿಗೆ. ಚುನಾವಣೆಯ ಕಾಲದಲ್ಲಿ ಬಾವುಟ ಕಟ್ಟಿಕೊಂಡು ಹೋಗುವುದನ್ನು ಕಂಡಿದ್ದೇವೆ. ಯುಗಾದಿಯ ಬೆಳಿಗ್ಗೆ, ನಮ್ಮಲ್ಲಿ ಬೇವುಬೆಲ್ಲ ಹಂಚುವ ಹೊತ್ತಿಗೆ, ಗಿರಗಾಂವದಲ್ಲಿ ಒಂಬತ್ತು ಗಜದ ಸೀರೆಯುಟ್ಟು ತಲೆಗೆ ಪೇಟ ಸುತ್ತಿದ ಹೆಣ್ಣುಮಕ್ಕಳು ಬುಲೆಟ್ಟುಗಳನ್ನು ಓಡಿಸಿಕೊಂಡು ಗುಡಿಪಾಡ್ವದ ಶೋಭಾಯಾತ್ರೆಯಲ್ಲಿ ಬರುವುದನ್ನೂ ಕಂಡಿದ್ದೇವೆ. ಈ ಯಾತ್ರೆಯ ಪರಿಪಾಟಿ 1999ರಲ್ಲಿ ಶುರುವಾದದ್ದು ನಮ್ಮ ಡೊಂಬಿವಲಿಯಲ್ಲೇ. ಅಲ್ಲಿ ವಾಹನದ ವೇಗ ನಡಿಗೆಯದ್ದು.

ಎರಡನೆಯದು ಪಂದ್ಯ. ಗಡಿಯಾರ ಹಿಡಿದು, ಮರಳು ಕಲ್ಲುಗಳ ಮೇಲೆ, ದಿನಕ್ಕೆ ನೂರಾರು ಕಿಲೋಮೀಟರು ಓಡುವುದು. ಇದರಲ್ಲಿ ನಮ್ಮ ನಾಡಿನವರ ಹೆಸರು ದೊಡ್ಡದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು, 36ನೆಯ ಸ್ಥಾನ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಅದೇ ಸಂತೋಷ್ 2021ರಲ್ಲಿ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರೆಂಬುದನ್ನೂ ಹೇಳಬೇಕು. ಆ ದಾರಿ ಬೇರೆ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಮಂಡಳಿಯ ಲೈಸೆನ್ಸು ಬೇಕು.

ಮೂರನೆಯದೇ ನಾವು ಹೇಳುವ ಮೇಳ. ಒಂದೇ ಹುಚ್ಚಿನವರು ಒಂದೆಡೆ ಸೇರುವುದು, ಕೂಡಿ ಸ್ವಲ್ಪ ದೂರ ಹೋಗುವುದು, ಕೂಡಿ ತಿಂದು ಹಿಂದಿರುಗುವುದು. ಅಮೆರಿಕದ ಸ್ಟರ್ಜಿಸ್ ಎಂಬ ಸಣ್ಣ ಊರಿನಲ್ಲಿ 1938ರಿಂದ ಇಂಥದು ನಡೆದು ಬಂದಿದೆ. ಜರ್ಮನಿಯಲ್ಲಿ 1956ರಲ್ಲಿ ಮೊದಲಾದ 'ಆನೆಗಳ ಕೂಟ'ಕ್ಕೆ ಜನ ಹಿಮ ಬೀಳುವ ಚಳಿಯಲ್ಲೇ ಬಂದು ಡೇರೆ ಹಾಕುತ್ತಾರಂತೆ. ನಮ್ಮಲ್ಲಿ ಜಾವಾ-ಯೆಜ್ದಿ ಗಾಡಿಗಳ ಒಡೆಯರು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಊರೂರುಗಳಲ್ಲಿ ಸೇರುತ್ತಾರೆ. ಮುಂಬಯಿಯಲ್ಲಿ ಜುಲೈ ಎಂದರೆ ಎಂಥ ತಿಂಗಳೆಂದು ಹೇಳಬೇಕಾಗಿಲ್ಲ. ಹಿಮದ ಕೂಟಕ್ಕೆ ನಮ್ಮ ಉತ್ತರವೆಂದರೆ ಮಳೆಯ ಕೂಟ!

ಆದರೆ ಈ ಗಾಡಿಯ ಮೇಲೆ ಜನಕ್ಕೆ ಇಷ್ಟು ಮೋಹವೇಕೆ? ಇಲ್ಲಿ ಕನ್ನಡಿಗರು ತುಸು ಎದೆಯುಬ್ಬಿಸಬಹುದು. ಜಾವಾ ಎಂಬುದು ದ್ವೀಪದ ಹೆಸರಲ್ಲ. 1929ರಲ್ಲಿ ಪ್ರಾಗ್ ಪಟ್ಟಣದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲು ಮಾಡುವ ಹಕ್ಕು ಪಡೆದಾಗ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದದ್ದು. ನಮ್ಮ ದೇಶದಲ್ಲಿ ಅದನ್ನು ಮಾಡಲು ಇರಾನಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದ್ದು ಮೈಸೂರಿನಲ್ಲಿ. ಮರುವರ್ಷ ಗಾಡಿಗಳು ಹೊರಬಂದವು. 1973ರಿಂದ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ಬಳಿಕ ಬೇರೊಂದು ಕಂಪನಿಯವರು 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ದಿಯನ್ನೂ ಮರಳಿ ತಂದರು. ಅವು ಮೈಸೂರಿನಲ್ಲಿ ಆದವಲ್ಲ. ಹಳೆಯ ಗಾಡಿಯ ಎರಡು ಕೊಳವೆ, ನೀಲಿ ಹೊಗೆ, ಒದ್ದು ಹೊರಡಿಸುವ ಸನ್ನೆಯೇ ಮಡಿಸಿದರೆ ಗೇರು ಆಗುವ ಚಮತ್ಕಾರ, ಇವುಗಳನ್ನು ಬಲ್ಲವರು ಬಿಡಲಾರರು.

ನಮ್ಮ ಅತ್ತಿಗೆಯ ತವರು ಮೈಸೂರು. ಅಣ್ಣ ಗಾಡಿ ಕೊಂಡದ್ದು 1992ರಲ್ಲಿ, ಥಾಣೆಯಲ್ಲಾದರೂ, ಅದರ ಮೇಲಿನ ಮೈಸೂರು ಎಂಬ ಅಚ್ಚನ್ನು ತೋರಿಸಿ ಹೇಳುತ್ತಿದ್ದ: "ಮೈಸೂರಿನಿಂದ ನಮ್ಮ ಮನೆಗೆ ಬಂದವರು ಇಬ್ಬರು. ಬೆಳಿಗ್ಗೆ ಬಿಸಿಯಾಗುವ ತನಕ ಇಬ್ಬರನ್ನೂ ಮಾತಾಡಿಸಬಾರದು." 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಡೊಂಬಿವಲಿಯ ಕಟ್ಟಡದಲ್ಲೂ ಗಾಡಿ ಸೀಟಿನ ತನಕ ಮುಳುಗಿತ್ತು. ಅಣ್ಣ ಒಂದು ವಾರ ಅದನ್ನು ಬಿಚ್ಚಿ, ಒರೆಸಿ, ಜೋಡಿಸಿದ. ಮನೆಯ ಹಾಸಿಗೆಗಳು ಆಮೇಲೆ ಒಣಗಿದವು.

ತಿಳಿದುಕೊಳ್ಳುವ ಸಲುವಾಗಿ ನಾವು ಒಂದು ಭಾನುವಾರ ವಾಶಿಯಲ್ಲಿ ಚಹಾಕ್ಕೆ ಸೇರುವ ಯೆಜ್ದಿಯವರ ಗುಂಪೊಂದನ್ನು ಹುಡುಕಿಕೊಂಡು ಹೋದೆವು. ಚರ್ಮದ ಅಂಗಿಯ ಪುಂಡರಿರಬಹುದೆಂದು ಎಣಿಸಿ ಹೋದವರಿಗೆ ಸಿಕ್ಕವರು ಒಬ್ಬ ಬ್ಯಾಂಕಿನ ನಿವೃತ್ತರು, ಒಬ್ಬ ಹಲ್ಲಿನ ವೈದ್ಯರು, ಒಬ್ಬ ಗ್ಯಾರೇಜಿನ ಮಿಸ್ತ್ರಿ, ನಾಲ್ಕಾರು ಕಾಲೇಜು ಹುಡುಗರು, ಎಪ್ಪತ್ತು ದಾಟಿದ ಒಬ್ಬ ಪಾರಸಿ ಮುದುಕರು. ನಮ್ಮ ಮೊದಲ ಪ್ರಶ್ನೆ, "ಎಷ್ಟು ವೇಗದಲ್ಲಿ ಹೋಗುತ್ತೀರಿ?"

"ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುವವನ ವೇಗದಲ್ಲಿ" ಎಂದರು ಮುದುಕರು.

ಇದು ಬರಿಯ ಸೌಜನ್ಯದ ಮಾತಲ್ಲ, ಇದರ ಹಿಂದೆ ಯುಕ್ತಿಯಿದೆ. ನಲವತ್ತು ಗಾಡಿಗಳ ಸಾಲಿನಲ್ಲಿ ಮುಂದಿನವನು ತುಸು ಜೋರು ಮಾಡಿದರೆ ಹಿಂದಿನವರು ಅಂತರ ಮುಚ್ಚಲು ಇನ್ನಷ್ಟು ಜೋರು ಮಾಡುತ್ತಾರೆ. ಕೊನೆಯವನು ಎಲ್ಲರಿಗಿಂತ ಹೆಚ್ಚು ಓಡಬೇಕಾಗುತ್ತದೆ. ಹೊಸಬರನ್ನು ಹಿಂದೆ ಬಿಟ್ಟರೆ ಅನುಭವವಿಲ್ಲದವರೇ ಹೆಚ್ಚು ಓಡಿ ಬೀಳುತ್ತಾರೆ. ಆದುದರಿಂದ ಹೊಸಬರನ್ನು ಮುಂದಾಳಿನ ಬೆನ್ನಿಗೇ ಇರಿಸುತ್ತಾರೆ. ಎಲ್ಲರಿಗಿಂತ ಪಳಗಿದವನೊಬ್ಬ ಕೊನೆಯಲ್ಲಿ ಬರುತ್ತಾನೆ. ಯಾರು ನಿಂತರೂ ಅವನು ನಿಲ್ಲುತ್ತಾನೆ, ಅವನ ಹಿಂದೆ ಯಾರೂ ಉಳಿಯುವಂತಿಲ್ಲ. ಯಾರಾದರೂ ಮುಂದಾಳನ್ನು ದಾಟಿ ಹೋದರೆ ಮುಂದಿನ ಸಲ ಅವರಿಗೆ ಕರೆಯಿಲ್ಲ.

ಅತ್ತಿಗೆಗೆ ಇದನ್ನೆಲ್ಲ ವರದಿ ಒಪ್ಪಿಸಿದೆವು. ಅವರು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. "ಕಾಗದಪತ್ರ ಸರಿಮಾಡಿಸಿ, ಆಮೇಲೆ ನೋಡೋಣ" ಎಂದರು. ಕಾಗದಪತ್ರವೆಂದರೆ ಸಣ್ಣ ಕೆಲಸವಲ್ಲ, ಓದುಗರೇ. ಒಡೆಯರು ತೀರಿಕೊಂಡ ಮೇಲೆ ಗಾಡಿ ವಾರಸುದಾರರ ಹೆಸರಿಗಾಗಬೇಕು. ನಾವು ನಾಲ್ಕು ವರ್ಷ ಮರೆತಿದ್ದೆವು, ನೀವು ಮರೆಯಬೇಡಿ. ಹದಿನೈದು ವರ್ಷ ದಾಟಿದ ಗಾಡಿಯನ್ನು ಆರ್.ಟಿ.ಓ. ಕಚೇರಿಯಲ್ಲಿ ತೋರಿಸಿ ನೋಂದಣಿಯನ್ನು ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ವಿಮೆ ಬೇಕು, ಹೊಗೆಯ ಸರ್ಟಿಫಿಕೇಟು ಬೇಕು, 2019ರ ಏಪ್ರಿಲಿಗೆ ಮುಂಚಿನ ಗಾಡಿಗಳಿಗೆ ಮಹಾರಾಷ್ಟ್ರದಲ್ಲಿ ಹೊಸ ಬಗೆಯ ನಂಬರ್ ಪ್ಲೇಟೂ ಬೇಕು. ಕಲ್ಯಾಣಿನ ಹಳೆಯ ಮಿಸ್ತ್ರಿಯೊಬ್ಬರು ಟ್ಯಾಂಕಿನ ತುಕ್ಕು ತೆಗೆದು, ಎರಡೂ ಟಯರು ಬದಲಿಸಿ, ಬ್ರೇಕಿನ ಶೂ, ಕೇಬಲ್ಲು, ಪಾಯಿಂಟು ಹೊಸದು ಹಾಕಿದರು. ಈ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಲೀಟರಿಗೆ ಮೂವತ್ತರಿಂದ ನಲವತ್ತು ಮಿಲಿಲೀಟರು. ಮರೆತರೆ ಎಂಜಿನ್ನು ಹಿಡಿದುಕೊಳ್ಳುತ್ತದೆ.

ಹುಡುಗಿ ಮೂರು ತಿಂಗಳು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿದಳು. ಗಾಡಿಯ ತೂಕ ಸುಮಾರು 140 ಕಿಲೋ. ಓಡುವಾಗ ಅದು ಹಗುರ, ನಿಂತಾಗ ಭಾರ. ಬಿದ್ದರೆ ಎತ್ತುವುದನ್ನೂ ಮಿಸ್ತ್ರಿಯೇ ಕಲಿಸಿದರು: ಬೆನ್ನು ಬಗ್ಗಿಸಬೇಡ, ಗಾಡಿಗೆ ಬೆನ್ನು ಕೊಟ್ಟು ಕುಳಿತು ಕಾಲಿನಿಂದ ಏಳು. ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಇದೆಯೇ, ಗದ್ದದ ಪಟ್ಟಿ ಬಿಗಿಯಾಗಿದೆಯೇ ಎಂದು ಅತ್ತಿಗೆ ತಾವೇ ಎಳೆದು ನೋಡಿದರು. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಕಾನೂನಿನಂತೆ ಕಡ್ಡಾಯವೆಂಬುದನ್ನು ನಮ್ಮ ಜನ ಮರೆಯುತ್ತಾರೆ.

2025ರ ಜುಲೈ 13, ಭಾನುವಾರ. ನಾಲ್ಕೂವರೆಗೆ ಎದ್ದೆವು. ಅತ್ತಿಗೆ ಮಾತಿಲ್ಲದೆ ಚಪಾತಿ ಪಲ್ಯ ಕಟ್ಟಿದರು. ಎಷ್ಟು ಜನಕ್ಕೆಂದು ಕೇಳಿದರೆ "ಇರಲಿ" ಎಂದರು. ನೆರೆಮನೆಯವರು ತಮ್ಮ ಕಾರಿನಲ್ಲಿ ನಮ್ಮನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡರು. ಹುಡುಗಿ ಮುಂದೆ, ನಾವು ಹಿಂದೆ. ಶೀಳ್‌ಫಾಟಾ, ಮಹಾಪೆ ದಾಟಿ ವಾಶಿಗೆ ಆರೂವರೆಗೆ ತಲುಪಿದೆವು.

ಮೊದಲ ಸಲ ಹೋಗುವವರಿಗೆ ಮೊದಲು ಎದುರಾಗುವುದು ಹೊಗೆ ಮತ್ತು ಸದ್ದು. ನಲವತ್ತರ ಹತ್ತಿರ ಗಾಡಿಗಳು ಒಟ್ಟಿಗೆ ಗುಡುಗಿದರೆ ಎದೆಯೊಳಗೇ ಕೇಳಿಸುತ್ತದೆ. ಸಣ್ಣ ಮಕ್ಕಳನ್ನು ಕರೆದೊಯ್ದರೆ ಕಿವಿಗೆ ಹತ್ತಿ ಇಡಿ. ಅನಂತರ ಎದುರಾಗುವುದು ಮಾತು. ಹತ್ತು ನಿಮಿಷದಲ್ಲಿ ಆರು ಜನ ಬಂದು ಗಾಡಿ ಯಾವ ವರ್ಷದ್ದು, ಬಣ್ಣ ಮೂಲದ್ದೇ, ಕಾರ್ಬುರೇಟರು ಯಾವುದು ಎಂದು ಕೇಳಿದರು. ನಿಮ್ಮ ಹೆಸರು ಕೇಳುವುದು ಆಮೇಲೆ. ಇದನ್ನು ಅವಮಾನವೆಂದು ತಿಳಿಯಬಾರದು. ಅತ್ತಿಗೆ ಮೈಸೂರಿನವರೆಂದು ಯಾರೋ ಹೇಳಿದ್ದೇ ತಡ, ಅವರ ಸುತ್ತ ಗುಂಪು ಕಟ್ಟಿತು. ಯಾದವಗಿರಿಯ ಕಾರ್ಖಾನೆ ನೋಡಿದ್ದೀರಾ ಎಂದು ಮರಾಠಿ, ಹಿಂದಿ, ಗುಜರಾತಿಗಳಲ್ಲಿ ಪ್ರಶ್ನೆ. ಶಾಲೆಗೆ ಹೋಗುವಾಗ ಅದರ ಗೇಟಿನ ಮುಂದೆ ಹೋಗುತ್ತಿದ್ದೆ, ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲುಗಳು ಬರುತ್ತಿದ್ದವು ಎಂದು ಅತ್ತಿಗೆ ತಮ್ಮ ಡೊಂಬಿವಲಿ ಹಿಂದಿಯಲ್ಲಿ ಹೇಳಿದರು. ಪಾರಸಿ ಮುದುಕರು ಟೋಪಿ ತೆಗೆದು ಕೇಳಿದರು. ಮೂವತ್ತು ವರ್ಷ ಮುಂಬಯಿಯಲ್ಲಿದ್ದರೂ ಅತ್ತಿಗೆಯ ಬಾಲ್ಯವನ್ನು ಅಷ್ಟು ಜನ ಕೇಳಿದ್ದು ಅದೇ ಮೊದಲಿರಬೇಕು.

ಹೊರಡುವ ಮುನ್ನ ಎಲ್ಲರನ್ನೂ ನಿಲ್ಲಿಸಿ ಸೂಚನೆ ಕೊಟ್ಟರು. ಟ್ಯಾಂಕು ತುಂಬಿರಲಿ. ಒಬ್ಬರು ರಸ್ತೆಯ ಪಾಲಿನ ಎಡಕ್ಕೆ, ಹಿಂದಿನವರು ಬಲಕ್ಕೆ, ಹೀಗೆ ಓರೆಯಾಗಿ ಸಾಗಬೇಕು. ಒಬ್ಬರ ಪಕ್ಕದಲ್ಲಿ ಒಬ್ಬರು ಬರಕೂಡದು. ಒಣ ರಸ್ತೆಯಲ್ಲಿ ಮುಂದಿನವರಿಗೂ ನಿಮಗೂ ಎರಡು ಸೆಕೆಂಡಿನ ಅಂತರ, ಮಳೆಯಲ್ಲಿ ನಾಲ್ಕು. ಮುಂದಿನವನು ಕಾಲು ಚಾಚಿ ತೋರಿಸಿದರೆ ಅತ್ತ ಗುಂಡಿಯಿದೆ ಎಂದು ತಿಳಿದು ನೀವೂ ಹಿಂದಿನವರಿಗೆ ತೋರಿಸಿ. ನೀರು ತುಂಬಿದ ಗುಂಡಿಯ ಆಳ ಯಾರಿಗೂ ಗೊತ್ತಿರುವುದಿಲ್ಲ. ರಸ್ತೆಗೆ ಬಳಿದ ಬಿಳಿ ಪಟ್ಟಿ, ಪೇವರ್ ಕಲ್ಲು, ಕಬ್ಬಿಣದ ಮುಚ್ಚಳ, ಇವು ಮಳೆಯಲ್ಲಿ ಸಾಬೂನಿನಂತೆ. ಬ್ರೇಕು ನೆನೆದರೆ ಹಿಡಿತ ಕಡಿಮೆಯಾಗುತ್ತದೆ, ಮುಂಚಿತವಾಗಿ ಒತ್ತಿ.

ಮುಂಬಯಿಯವರು ತಿಳಿದಿರಬೇಕಾದ ಇನ್ನೊಂದು ಮಾತು ದಾರಿಯದು. ನಮ್ಮ ಒಳ್ಳೆಯ ರಸ್ತೆಗಳು ಅನೇಕ ಎರಡು ಚಕ್ರದವರಿಗೆ ಇಲ್ಲ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ರಸ್ತೆ, 2009ರ ಬಾಂದ್ರಾ-ವರಳಿ ಸಮುದ್ರ ಸೇತುವೆ, 2024ರಲ್ಲಿ ತೆರೆದ ಅಟಲ್ ಸೇತು, ಕರಾವಳಿ ರಸ್ತೆ, ಎಲ್ಲಕ್ಕೂ ನಿಷೇಧವಿದೆ. ಆದುದರಿಂದ ನಮ್ಮ ಮೇಳ ಹಿಡಿದದ್ದು ಪಾಮ್ ಬೀಚ್ ರಸ್ತೆ, ಬೇಲಾಪುರ, ಪನವೇಲ್, ಅಲ್ಲಿಂದ ಹಳೆಯ ಪುಣೆ ಹೆದ್ದಾರಿಯಲ್ಲಿ ಖೋಪೋಲಿ. ಒಟ್ಟು ಐವತ್ತು ಕಿಲೋಮೀಟರಿನ ಮೇಲೆ ಸ್ವಲ್ಪ. ಘಾಟು ಹತ್ತುವುದಿಲ್ಲವೆಂದು ಮೊದಲೇ ತೀರ್ಮಾನವಾಗಿತ್ತು.

ಪನವೇಲಿನ ತನಕ ಎಲ್ಲ ಸುಗಮ. ಅಲ್ಲಿ ತಿರುವಿನಲ್ಲಿ ಕಾಲೇಜು ಹುಡುಗನೊಬ್ಬ ಸಾಲು ಬಿಟ್ಟು ಮುಂದೆ ನುಗ್ಗಹೋದ. ಪೇವರ್ ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರಿ, ಗಾಡಿ ಒಂದು ಕಡೆ, ಹುಡುಗ ಒಂದು ಕಡೆ. ದೇವರ ದಯೆ, ಹಿಂದಿನವರು ಅಂತರ ಇಟ್ಟಿದ್ದರು. ಕೈಗವಸು, ದಪ್ಪ ಅಂಗಿ ತೊಟ್ಟಿದ್ದರಿಂದ ಮೊಣಕೈ ತರಚಿದ್ದಷ್ಟೆ. ಎಲ್ಲರೂ ನಿಂತರು. ಹಲ್ಲಿನ ವೈದ್ಯರು ಪೆಟ್ಟಿಗೆ ತೆಗೆದು ಗಾಯ ತೊಳೆದರು. ಆ ಹುಡುಗನನ್ನು ಮುಂದೆ ಬರಗೊಡಲಿಲ್ಲ. ಗಾಡಿಯನ್ನು ಟೆಂಪೋಗೆ ಏರಿಸಿ, ಅವನನ್ನೂ ಅದರಲ್ಲೇ ಕೂರಿಸಿದರು. ಯಾರೂ ಬೈಯಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ.

ಅತ್ತಿಗೆಯ ಮುಖ ಬಿಳುಪೇರಿತ್ತು. ಕಾರಿನಿಂದ ಇಳಿದು ಮಗಳ ಬಳಿ ಹೋದರು. "ಸಾಕು, ಇಲ್ಲಿಂದ ತಿರುಗೋಣ."

ಹುಡುಗಿ ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದಳು. "ಅವನು ಮುಂದೆ ನುಗ್ಗಿದ ಅಮ್ಮಾ. ನಾನು ನುಗ್ಗುವುದಿಲ್ಲ. ನೀನು ನೋಡುತ್ತಾ ಬಾ. ನಿನಗೆ ಸರಿಕಾಣದಿದ್ದರೆ ಹಾರನ್ ಹೊಡೆಸು, ನಿಲ್ಲಿಸಿಬಿಡುತ್ತೇನೆ."

ಅತ್ತಿಗೆ ನಮ್ಮನ್ನು ನೋಡಿದರು. ತಿಂಗಳ ವಾಯಿದೆ ಕೇಳಿದ್ದ ನಾವು ಆ ಹೊತ್ತಿನಲ್ಲೂ ಉತ್ತರ ಹೇಳಲಾರದೆ ನಿಂತೆವು. ಕೊನೆಗೆ ಅವರೇ ಕಾರಿಗೆ ಬಂದು ಕುಳಿತು, "ಹೊರಡಿ" ಎಂದರು. ಮಡಿಲಲ್ಲಿ ಚಪಾತಿಯ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದಿದ್ದರು.

ಚೌಕ್ ಹಳ್ಳಿಯ ಹತ್ತಿರ ಮಳೆ ಕೆಟ್ಟು ಸುರಿಯತೊಡಗಿತು. ಅಲ್ಲಿ ನಮ್ಮ ಯೆಜ್ದಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹುಡುಗಿ ಕೈಯೆತ್ತಿ ಎಡಕ್ಕೆ ಸರಿದಳು. ಗಾಡಿಗಳು ಒಂದೊಂದಾಗಿ ದಾಟಿಹೋದವು. ನಮಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೊನೆಗೂ ಹುಡುಗಿಯನ್ನು ಬಿಟ್ಟು ಹೋದರಲ್ಲ ಎನಿಸಿತು. ಆದರೆ ಕೊನೆಯ ಗಾಡಿಯ ಮಿಸ್ತ್ರಿ ನಿಂತರು. ಮುಂದೆ ಅರ್ಧ ಫರ್ಲಾಂಗಿನಲ್ಲಿ, ರಸ್ತೆ ಅಗಲವಾದ ಕಡೆ, ನಲವತ್ತು ಕೆಂಪು ದೀಪಗಳೂ ನಿಂತಿದ್ದವು.

ಮಿಸ್ತ್ರಿ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದರು. ಹುಡುಗಿ ಒದ್ದಳು, ಮತ್ತೆ ಒದ್ದಳು. ಇಪ್ಪತ್ತು ಸಲವಾದರೂ ಒದ್ದಿರಬೇಕು. ಕಾಲು ಸೋತು ನಡುಗುತ್ತಿತ್ತು. ಅತ್ತಿಗೆ ಕೊಡೆಯಿಲ್ಲದೆ ಇಳಿದು ಹೋದರು. ಕರೆದುಕೊಂಡು ಬರುತ್ತಾರೆಂದೇ ನಾವು ತಿಳಿದೆವು.

"ಪೆಟ್ರೋಲ್ ಮುಚ್ಚೇ" ಎಂದರು ಅತ್ತಿಗೆ. "ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದುಕೋ. ಈಗ ನಿಧಾನವಾಗಿ ನಾಲ್ಕು ಸಲ ಒದಿ. ಆಮೇಲೆ ಪೆಟ್ರೋಲ್ ಬಿಟ್ಟು ಒಂದೇ ಸಲ ಜೋರಾಗಿ."

ಎಂಜಿನ್ನಿನಲ್ಲಿ ಪೆಟ್ರೋಲು ತುಂಬಿಕೊಂಡಾಗ ಮಾಡಬೇಕಾದದ್ದು ಅದೇ. ಇಪ್ಪತ್ತೈದು ವರ್ಷಗಳ ಮಳೆಗಾಲದಲ್ಲಿ ಅಡಿಗೆಮನೆಯ ಕಿಟಕಿಯಿಂದ ಬೆಳಗಾದರೆ ಕೇಳಿದ್ದು, ಕಂಡದ್ದು. ಐದನೆಯ ಒದೆತಕ್ಕೆ ಗಾಡಿ ನೀಲಿ ಹೊಗೆ ಉಗುಳಿ ಎದ್ದಿತು. ಮಿಸ್ತ್ರಿ ನಕ್ಕು, "ನಾನೂ ಅದನ್ನೇ ಹೇಳುವವನಿದ್ದೆ, ತಾಯಿ" ಎಂದರು. ಅದು ನಿಜವೋ ಮರ್ಯಾದೆಗೆ ಹೇಳಿದ್ದೋ ನಮಗೆ ತಿಳಿಯದು. ಅತ್ತಿಗೆ ನೆನೆದ ಸೀರೆಯಲ್ಲೇ ಬಂದು ಕುಳಿತರು. ಖೋಪೋಲಿಯ ತನಕ ಹಾರನ್ ಹೊಡೆಸಲಿಲ್ಲ.

ಖೋಪೋಲಿಯಲ್ಲಿ ಬಿಸಿ ಚಹಾ, ವಡಾಪಾವು. ಅತ್ತಿಗೆಯ ಚಪಾತಿ ಪಲ್ಯ ಹತ್ತು ಜನಕ್ಕೆ ಸಾಕಾಯಿತು. ಟೆಂಪೋದಲ್ಲಿ ಬಂದ ಹುಡುಗನಿಗೆ ಎರಡು ಹೆಚ್ಚು. ಬಹುಮಾನ ಹಂಚುವುದು, ಭಾಷಣ ಮಾಡುವುದು ಯಾವುದೂ ಇರಲಿಲ್ಲ. ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಒಂದು ಪಟ ತೆಗೆದರು. ಮಧ್ಯಾಹ್ನ ಮೂರಕ್ಕೆ ಡೊಂಬಿವಲಿ ಸೇರಿದೆವು.

ಇನ್ನು ಮೊದಲ ಸಲ ಹೋಗುವ ಮಕ್ಕಳ ಮನೆಯವರಿಗೆ ನಮ್ಮ ನಾಲ್ಕು ಮಾತು. ಯಾರೊಡನೆ ಹೋಗುತ್ತಾರೆಂಬುದನ್ನು ಮುಂಚೆ ಹೋಗಿ ಕಂಡು ಬನ್ನಿ. ಫೋನಿನಲ್ಲಿ ಕೇಳಿದರೆ ಸಾಲದು. ಮುಂದಾಳು ಯಾರು, ಕೊನೆಯಲ್ಲಿ ಬರುವವರು ಯಾರು ಎಂದು ಕೇಳಿ. ಈ ಎರಡು ಪ್ರಶ್ನೆಗೆ ಥಟ್ಟನೆ ಉತ್ತರ ಬಾರದ ಗುಂಪಿನೊಡನೆ ಕಳಿಸಬೇಡಿ. ಹಿಂದಿನ ರಾತ್ರಿ ನಿದ್ದೆಯಿಲ್ಲದಿದ್ದರೆ ಹೋಗುವುದು ಬೇಡ. ಗಾಡಿ ಎಷ್ಟು ಚೆನ್ನಾಗಿದ್ದರೂ ಸವಾರ ಕೆಟ್ಟಿದ್ದಾನೆ. ರಕ್ತದ ಗುಂಪು ಮತ್ತು ಮನೆಯ ಫೋನ್ ನಂಬರು ಬರೆದ ಚೀಟಿ ಜೇಬಿನಲ್ಲಿರಲಿ. ದಾರಿಯಲ್ಲಿ ಬೇರೆ ಯಾರಾದರೂ ಬಿದ್ದದ್ದು ಕಂಡರೆ ನಿಂತು 108ಕ್ಕೋ 112ಕ್ಕೋ ತಿಳಿಸಿ. ಗಾಯಾಳುವಿಗೆ ನೆರವಾದವರನ್ನು ಪೊಲೀಸು ಕೋರ್ಟು ಎಂದು ಅಲೆಸಬಾರದೆಂದು 2019ರ ತಿದ್ದುಪಡಿಯಿಂದ ಕಾನೂನೇ ರಕ್ಷಣೆ ಕೊಟ್ಟಿದೆ.

ಮುಂದಿನ ವರ್ಷದ ಮೇಳಕ್ಕೆ ಅತ್ತಿಗೆ ಒಪ್ಪಿಗೆ ಕೊಟ್ಟರೇ ಎಂದು ಕೇಳುವಿರಿ. ಕೊಟ್ಟಿಲ್ಲ. ಆ ಸಂಜೆ ಅಣ್ಣನ ಹಳೆಯ ಬನಿಯನ್ನಿನಿಂದ ಗಾಡಿಯ ಕೆಸರು ಒರೆಸುತ್ತಾ, "ಮೊದಲು ಹಿಂದಿನ ಬ್ರೇಕು ತೋರಿಸು, ಕಿರ್ ಅನ್ನುತ್ತದೆ" ಎಂದಷ್ಟೇ ಮಗಳಿಗೆ ಹೇಳಿದರು. ಟಾರ್ಪಾಲನ್ನು ಮಡಿಸಿ ಅಟ್ಟಕ್ಕೆ ಹಾಕಿದ್ದಾರೆ. ಓಡುವ ವಾಹನವಾದ್ದರಿಂದ ಸೊಸೈಟಿ ಮತ್ತೆ ಕಾಗದ ಬರೆದಿಲ್ಲ. ಬೆಳಗಿನ ಸದ್ದಿನ ಬಗೆಗೆ ಎರಡನೆಯ ಮಹಡಿಯವರು ಮಾತ್ರ ಬಾಯಿಮಾತಿನಲ್ಲಿ ದೂರಿದ್ದಾರೆ.

ನಮ್ಮ ಓದುಗರ ಕಟ್ಟಡಗಳಲ್ಲೂ ಮೆಟ್ಟಿಲಿನ ಕೆಳಗೆ ಮೈಸೂರಿನ ಇಂಥ ಗಾಡಿ ನಿಂತಿದ್ದರೆ ತೂಕಕ್ಕೆ ಕೊಡುವ ಮುನ್ನ ಒಂದು ಸಲ ಮನೆಯವರನ್ನೆಲ್ಲ ಕೂರಿಸಿ ಕೇಳಿ. ನಮಗೂ ಒಂದು ಕಾಗದ ಹಾಕಿ, ಕಲ್ಯಾಣಿನ ಮಿಸ್ತ್ರಿಯ ವಿಳಾಸ ಕೊಡುತ್ತೇವೆ. ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಹಪ್ಪಳಕ್ಕೇ ಹಿಂದಿರುಗುವುದೆಂದು ಸದ್ಯದ ಸಂಕಲ್ಪ.